ರುಮಾಲೆಯವರ ಹೂಮರಗಳು

ಫೆಬ್ರವರಿ ಬಂತೆಂದರೆ ಸಾಕು, ಬೆಂಗಳೂರಿಗೆ ಇಂಟರ್ನ್‌ಶಿಪ್‌ಗೆ ಹೋದ ನಮ್ಮ ಸೀನಿಯರ್‌ಗಳ ಸ್ಟೇಟಸ್‌ನಲ್ಲಿ ಎಲ್ಲರದ್ದೂ ಒಂದೇ ಫೋಟೊ. ಎಲೆ ಪೂರ್ತಿ ಉದುರಿದ ಮರ, ಮೈತುಂಬ ಗುಲಾಬಿ ಬಣ್ಣದ ಹೂ, ಕೆಳಗೆ ಸಿಗ್ನಲ್ಲಿಗೆ ಕಾದು ನಿಂತ ಆಟೋಗಳು. ಬಂಟ್ವಾಳ–ಮೂಡುಬಿದಿರೆ ರಸ್ತೆಯಲ್ಲಿ ಸಿದ್ಧಕಟ್ಟೆ ದಾಟಿಕೊಂಡು ದಿನಾ ಬಸ್ಸಲ್ಲಿ ಓಡಾಡುವ ನಮ್ಮಂಥವರಿಗೆ ಹಸಿರಿಗೇನೂ ಬರ ಇಲ್ಲ. ಅಡಿಕೆ ತೋಟ, ರಬ್ಬರು, ಗುಡ್ಡ, ಗದ್ದೆ ಎಲ್ಲ ಉಂಟು. ಆದರೆ ಇಡೀ ರಸ್ತೆಗೆ ರಸ್ತೆಯೇ ಒಂದು ವಾರದಲ್ಲಿ ಬಣ್ಣ ಬದಲಾಯಿಸುವ ಆ ಪರಿ ನಮ್ಮ ಕಡೆ ಇಲ್ಲ. ಯಾಕೆಂದರೆ ಬೆಂಗಳೂರಿನ ಆ ಮರಗಳು ತಾವಾಗಿ ಹುಟ್ಟಿದವಲ್ಲ, ಲೆಕ್ಕ ಹಾಕಿ ನೆಟ್ಟವು. ನೆಟ್ಟವರ ಕಥೆ ಈಗ ಸಾಕಷ್ಟು ಜನರಿಗೆ ಗೊತ್ತು. ಅದೇ ಮರಗಳನ್ನು ಬಣ್ಣದಲ್ಲಿ ಹಿಡಿದಿಡಲು ಜೀವನದ ಕೊನೆಯ ಇಪ್ಪತ್ತಾರು ವರ್ಷ ಕೊಟ್ಟವರೊಬ್ಬರಿದ್ದರು. ಕನ್ನಡದ ಕಲಾವಿದರ ನಡುವೆ ದೊಡ್ಡ ಹೆಸರು, ನಮ್ಮ ಕ್ಯಾಂಪಸ್ಸಿನಲ್ಲಿ ಕೇಳಿದರೆ ಮಾತ್ರ ಹತ್ತರಲ್ಲಿ ಒಬ್ಬರಿಗೂ ಗೊತ್ತಿರಲಿಕ್ಕಿಲ್ಲ. ರುಮಾಲೆ ಚನ್ನಬಸವಯ್ಯ.

ಹುಟ್ಟಿದ್ದು 1910ರಲ್ಲಿ, ದೊಡ್ಡಬಳ್ಳಾಪುರದಲ್ಲಿ. ಅದು ಮಗ್ಗದ ಊರು, ಬಣ್ಣದ ನೂಲು ಕಣ್ಣಿಗೆ ಬೀಳದೆ ಅಲ್ಲಿ ಬೀದಿ ದಾಟುವುದು ಕಷ್ಟ. ಹುಡುಗನಿಗೆ ಚಿತ್ರದ ಹುಚ್ಚು. ಬೆಂಗಳೂರಿನಲ್ಲಿ ಎ.ಎನ್. ಸುಬ್ಬರಾಯರು 1919ರಲ್ಲಿ ಶುರು ಮಾಡಿದ್ದ ಕಲಾಮಂದಿರಕ್ಕೆ ಸೇರಿದರು. ಆಮೇಲೆ ಮೈಸೂರಿನ ಚಾಮರಾಜೇಂದ್ರ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನಲ್ಲೂ ಕಲಿತರು. ಹೆಸರಿನಲ್ಲಿ ಟೆಕ್ನಿಕಲ್ ಎಂದಿದೆ ನೋಡಿ. ಚಿತ್ರಕಲೆ, ಮರಗೆಲಸ, ಲೋಹದ ಕೆಲಸ ಎಲ್ಲ ಒಂದೇ ಸೂರಿನಡಿ ಹೇಳಿಕೊಡುತ್ತಿದ್ದ ಜಾಗ ಅದು. ಕಲೆ ಬೇರೆ, ತಂತ್ರ ಬೇರೆ ಎಂದು ಆಗಿನವರು ಇನ್ನೂ ಗೋಡೆ ಕಟ್ಟಿರಲಿಲ್ಲ. ಅಲ್ಲಿ ಕಲಿತು ಹೊರಬಿದ್ದವರಿಗೆ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರ ಕೆಲಸ ಸಿಗಬಹುದಿತ್ತು. ಸಂಬಳ ದೊಡ್ಡದಲ್ಲದಿದ್ದರೂ ಬದುಕು ನಡೆಯುತ್ತಿತ್ತು.

ರುಮಾಲೆಯವರು ಆ ದಾರಿ ಹಿಡಿಯಲಿಲ್ಲ. ಗಾಂಧೀಜಿಯ ಕರೆ ಊರೂರಿಗೆ ಮುಟ್ಟಿದ್ದ ಕಾಲ, ಇವರು ಓದು ಬಿಟ್ಟು ಚಳವಳಿಗೆ ಇಳಿದರು. ಸೇವಾದಳದಲ್ಲಿ ದುಡಿದರು, ಒಂದಲ್ಲ ಹಲವು ಸಲ ಜೈಲಿಗೆ ಹೋದರು. ಆಗಿನ ಮೈಸೂರು ಸಂಸ್ಥಾನದ ಪರಿಸ್ಥಿತಿಯೇ ಬೇರೆ. ಇಲ್ಲಿ ಎದುರಿಗಿದ್ದದ್ದು ನೇರವಾಗಿ ಬ್ರಿಟಿಷ್ ಸರಕಾರ ಅಲ್ಲ, ಮಹಾರಾಜರ ಸರಕಾರ. ಪ್ರಜೆಗಳು ಪ್ರೀತಿಯಿಂದಲೇ ಕಾಣುತ್ತಿದ್ದ ಅರಸರ ಆಡಳಿತದ ಎದುರು ಕಾಂಗ್ರೆಸ್ ಧ್ವಜ ಹಾರಿಸಬೇಕು. 1938ರ ಏಪ್ರಿಲ್ 11ರಂದು ಮದ್ದೂರಿನ ಪಕ್ಕದ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ಶುರುವಾಯಿತು. ಎರಡೇ ವಾರ, ಏಪ್ರಿಲ್ 25ಕ್ಕೆ ಗೌರಿಬಿದನೂರಿನ ಹತ್ತಿರದ ವಿದುರಾಶ್ವತ್ಥದಲ್ಲಿ ಸೇರಿದ್ದ ಜನರ ಮೇಲೆ ಗೋಲಿಬಾರಾಯಿತು. ದೊಡ್ಡಬಳ್ಳಾಪುರದಿಂದ ಅದೇನೂ ದೂರದ ಜಾಗವಲ್ಲ. ಆ ತಲೆಮಾರಿನ ಹುಡುಗರು ಏಪ್ರಿಲ್ ತಿಂಗಳ ಕೆಂಪನ್ನು ಮೊದಲು ಕಂಡದ್ದು ಅಲ್ಲಿ. ಆಮೇಲೆ 1942, ಆಮೇಲೆ 1947ರಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೂ ನಡೆದ ಮೈಸೂರು ಚಲೋ. ಅಕ್ಟೋಬರ್ ಹೊತ್ತಿಗೆ ಕೆ.ಸಿ. ರೆಡ್ಡಿಯವರ ಸರಕಾರ ಬಂತು.

ಚಳವಳಿ ಮಾಡಿದವರಿಗೆ ಆಮೇಲಿನ ದಿನಗಳಲ್ಲಿ ಒಂದೊಂದು ಸ್ಥಾನ ಸಿಕ್ಕಿತು. ರುಮಾಲೆಯವರೂ ಶಾಸಕರಾದರು, ತಾಯಿನಾಡು ಪತ್ರಿಕೆಯ ಸಂಪಾದಕರಾಗಿ ಕೆಲಸ ಮಾಡಿದರು. ತಾಯಿನಾಡು ಅಂದರೆ ಸಣ್ಣ ಪತ್ರಿಕೆಯಲ್ಲ, ಹಳೆ ಮೈಸೂರಿನಲ್ಲಿ ರಾಷ್ಟ್ರೀಯ ಚಳವಳಿಯ ಸುದ್ದಿಯನ್ನು ಮನೆ ಮನೆಗೆ ಮುಟ್ಟಿಸಿದ ದಿನಪತ್ರಿಕೆ. ಒಂದು ಕಡೆ ವಿಧಾನ ಮಂಡಲ, ಇನ್ನೊಂದು ಕಡೆ ಪತ್ರಿಕೆಯ ಮೇಜು. ಹೊರಗಿನಿಂದ ನೋಡಿದವರಿಗೆ ಇದು ಸೆಟ್ಲ್ ಆದ ಬದುಕು. ಮೂವತ್ತರ ದಶಕದಲ್ಲಿ ಕೆಳಗಿಟ್ಟ ಕುಂಚ ಮಾತ್ರ ಆಗಾಗ ಕೈಗೆ ಬಂದು ಮತ್ತೆ ಮೂಲೆ ಸೇರುತ್ತಿತ್ತು. ನಮಗೇನೂ ಇದು ಗೊತ್ತಿಲ್ಲದ ವಿಷಯ ಅಲ್ಲ. ಫಸ್ಟ್ ಇಯರಿನಲ್ಲಿ ಚೆಂಡೆ, ಗಿಟಾರು, ಸ್ಕೆಚ್‌ಬುಕ್ಕು ಹಿಡಿದುಕೊಂಡು ಹಾಸ್ಟೆಲಿಗೆ ಬಂದವರು ಫೈನಲ್ ಇಯರಿನ ಹೊತ್ತಿಗೆ ಅದನ್ನೆಲ್ಲ ಮಂಚದ ಅಡಿಗೆ ದೂಡಿ ಆಪ್ಟಿಟ್ಯೂಡ್ ಪುಸ್ತಕ ತೆಗೆಯುತ್ತೇವೆ. ಕೆಲಸ ಸಿಕ್ಕಿದ ಮೇಲೆ ನೋಡುವ ಎನ್ನುತ್ತೇವೆ. ಸಿಕ್ಕಿದ ಮೇಲೆ ಯಾರೂ ನೋಡುವುದಿಲ್ಲ.

ರುಮಾಲೆ ನೋಡಿದರು. 1962ರಲ್ಲಿ, ಐವತ್ತೆರಡನೇ ವಯಸ್ಸಿನಲ್ಲಿ, ರಾಜಕೀಯದಿಂದ ಹೊರಬಂದು ಪೂರ್ತಿ ಹೊತ್ತಿನ ಚಿತ್ರಕಾರರಾದರು. ರಾಜಕೀಯದಿಂದ ಚಿತ್ರಕ್ಕೆ ದಾಟುವುದು ಹವ್ಯಾಸ ಹಿಡಿದಷ್ಟು ಸುಲಭ ಅಲ್ಲ. ಜೊತೆಗೆ ಕಲಿತವರು ಅಷ್ಟು ಹೊತ್ತಿಗೆ ಮೂವತ್ತು ವರ್ಷದ ಕೈ ಪಳಗಿಸಿಕೊಂಡಿದ್ದರು. ಮುಂಬಯಿ, ದಿಲ್ಲಿ, ಬರೋಡಾದಲ್ಲಿ ಕಲೆಯ ಮಾತೇ ಬದಲಾಗಿತ್ತು. ಹೊಸ ಹುಡುಗರು ಅಮೂರ್ತ ಚಿತ್ರ ಬರೆಯುತ್ತಿದ್ದರು. ಮರ, ಹೂವು, ಕೆರೆ ಬರೆಯುವವರನ್ನು ಕ್ಯಾಲೆಂಡರ್ ಕಲಾವಿದರು ಎಂದು ಬದಿಗೆ ಸರಿಸುವ ಕಾಲ. ಅಂಥ ಹೊತ್ತಿನಲ್ಲಿ ಖಾದಿ ತೊಟ್ಟ ಈ ಮಾಜಿ ಶಾಸಕರು ಬಣ್ಣದ ಪೆಟ್ಟಿಗೆ ಹಿಡಿದುಕೊಂಡು ಹೋಗಿ ಕೂತದ್ದು ರಸ್ತೆ ಬದಿಯ ಗುಲ್‌ಮೊಹರ್ ಮರದ ಎದುರು.

ಆ ಮರ ಅಲ್ಲಿಗೆ ಹೇಗೆ ಬಂತು ಎಂದು ತಿಳಿಯದೆ ಅವರ ಚಿತ್ರಗಳ ಸಂಗತಿ ಅರ್ಧ ಮಾತ್ರ ಅರ್ಥವಾದೀತು. ಗುಸ್ತಾವ್ ಕ್ರುಂಬಿಗಲ್ ಎಂಬ ಜರ್ಮನ್ ತೋಟಗಾರ 1865ರಲ್ಲಿ ಡ್ರೆಸ್ಡೆನ್ ಹತ್ತಿರ ಹುಟ್ಟಿದವರು. ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಕೆಲಸ ಮಾಡಿ, ಬರೋಡಾ ಸಂಸ್ಥಾನಕ್ಕೆ ಬಂದು, ಅಲ್ಲಿಂದ ಇಪ್ಪತ್ತನೇ ಶತಮಾನದ ಮೊದಲ ದಶಕ ಮುಗಿಯುವ ಮೊದಲೇ ಬೆಂಗಳೂರಿನ ಲಾಲ್‌ಬಾಗ್ ಸೇರಿದರು. ಬೆಂಗಳೂರಿನ ಬೀದಿಗಳಲ್ಲಿ ಒಂದು ಜಾತಿಯ ಮರ ಹೂ ಮುಗಿಸುವಾಗ ಇನ್ನೊಂದು ಶುರು ಮಾಡಬೇಕು, ವರ್ಷದ ಯಾವ ತಿಂಗಳೂ ಬೋಳಾಗಿರಬಾರದು ಎನ್ನುವ ಸರದಿಯ ಯೋಜನೆ ಅವರದ್ದು ಎಂದೇ ಹೇಳುತ್ತಾರೆ. ಅವರ ನಂತರ ಎಚ್.ಸಿ. ಜವರಾಯ, ಎಂ.ಎಚ್. ಮರೀಗೌಡ ಅದನ್ನು ಮುಂದುವರಿಸಿದರು. ಕ್ರುಂಬಿಗಲ್ 1956ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಮರ ನೆಟ್ಟು ನೆರಳಾಗುವುದಕ್ಕೆ ಮೂವತ್ತು ನಲವತ್ತು ವರ್ಷ ಬೇಕಷ್ಟೆ. ರುಮಾಲೆಯವರು ಕುಂಚ ಹಿಡಿದು ಹೊರಟ 1960ರ ದಶಕದಲ್ಲಿ ಆ ಮರಗಳೆಲ್ಲ ತುಂಬು ಪ್ರಾಯಕ್ಕೆ ಬಂದಿದ್ದವು. ಇಪ್ಪತ್ತು ವರ್ಷ ಮೊದಲು ಹೊರಟಿದ್ದರೆ ಅವರಿಗೆ ಅಷ್ಟು ಹೂವು ಸಿಗುತ್ತಿರಲಿಲ್ಲ. ತಡವಾಗಿ ಶುರು ಮಾಡಿದ್ದರಲ್ಲಿ ಇದೊಂದು ಲಾಭ.

ಹೂಮರಗಳ ಚಿತ್ರ ಪ್ರದರ್ಶನಕ್ಕೆ ತಯಾರಿ ಮಾಡುವುದು ಎಂದರೇನು ಎಂದು ಸ್ವಲ್ಪ ಯೋಚಿಸಿ. ಸ್ಟುಡಿಯೋದಲ್ಲಿ ಕೂತು ಫೋಟೊ ನೋಡಿ ಬರೆಯುವವರಿಗೆ ಮೂರು ತಿಂಗಳಲ್ಲಿ ಮೂವತ್ತು ಚಿತ್ರ ಆದೀತು. ರುಮಾಲೆಯವರು ಸ್ಥಳಕ್ಕೇ ಹೋಗಿ ಬರೆಯುವ ಜಾತಿ. ಹಾಗಾದರೆ ಡೆಡ್‌ಲೈನ್ ಹಾಕುವುದು ಗ್ಯಾಲರಿ ಅಲ್ಲ, ಮರ. ನೀರುಕಾಯಿ ಮರದ ಕಿತ್ತಳೆ ಹೂ ಚಳಿಗಾಲದ ಆಚೀಚೆ. ಆಕಾಶಮಲ್ಲಿಗೆ ನವೆಂಬರಿನಲ್ಲಿ ಬಿಳಿ ಚೆಲ್ಲುತ್ತದೆ. ಗುಲಾಬಿ ಟಬೂಬಿಯಾ ಜನವರಿಯಿಂದ ಫೆಬ್ರವರಿ, ಅದರ ಹಿಂದೆಯೇ ಹಳದಿ ಟಬೂಬಿಯಾ. ಊರ ಹೊರಗಿನ ಕುರುಚಲಲ್ಲಿ ಮುತ್ತುಗ ಕೆಂಡದ ಹಾಗೆ ಅರಳುವುದೂ ಅದೇ ಹೊತ್ತಿಗೆ. ಮಾರ್ಚಿಯಲ್ಲಿ ಜಕರಂದಾದ ನೇರಳೆ. ಏಪ್ರಿಲ್ ಮೇ ತಿಂಗಳಲ್ಲಿ ಗುಲ್‌ಮೊಹರ್, ಕಕ್ಕೆ, ಹೊಳೆದಾಸವಾಳ, ಎಲ್ಲ ಒಟ್ಟಿಗೆ ಮುಗಿಬೀಳುತ್ತವೆ. ನಮ್ಮ ಎಕ್ಸಾಮ್ ಟೈಮ್‌ಟೇಬಲ್ಲಿನ ಹಾಗೆ, ಒಂದೇ ವಾರದಲ್ಲಿ ನಾಲ್ಕು ಪೇಪರು. ಒಂದು ಮರದ ಪೂರ್ಣ ಹೂವಿನ ದಿನಗಳು ಹತ್ತೋ ಹದಿನೈದೋ. ನಡುವೆ ಒಂದು ಸಂಜೆ ಆಲಿಕಲ್ಲು ಮಳೆ ಬಂದರೆ ಅಷ್ಟೇ, ಹೂವೆಲ್ಲ ಡಾಂಬರಿನ ಮೇಲೆ. ಮುಂದಿನ ಅವಕಾಶ ಮುಂದಿನ ವರ್ಷಕ್ಕೆ. ಹೀಗಾಗಿ ಇಂಥ ಚಿತ್ರಕಾರರ ಒಂದು ಪ್ರದರ್ಶನದ ಗೋಡೆಯಲ್ಲಿ ಇಡೀ ವರ್ಷ ತೂಗುತ್ತಿರುತ್ತದೆ. 1962ರಿಂದ ಲೆಕ್ಕ ಹಾಕಿದರೆ ರುಮಾಲೆಯವರಿಗೆ ಸಿಕ್ಕಿದ್ದು ಸುಮಾರು ಇಪ್ಪತ್ತಾರು ಏಪ್ರಿಲ್.

ಇನ್ನು ಮಾಧ್ಯಮ. ತೈಲವರ್ಣದಲ್ಲೂ ಅವರು ಬಹಳ ಬರೆದಿದ್ದಾರೆ, ಬಣ್ಣವನ್ನು ದಪ್ಪಕ್ಕೆ ಮೆತ್ತಿ ಹೂವು ಕ್ಯಾನ್ವಾಸಿನಿಂದ ಎದ್ದು ಬರುವ ಹಾಗೆ. ಆದರೆ ಜನ ಬೆರಗಾಗುವುದು ಅವರ ದೊಡ್ಡ ಅಳತೆಯ ಜಲವರ್ಣಗಳಿಗೆ. ಜಲವರ್ಣ ಅಂದರೆ ಶಾಲೆಯಲ್ಲಿ ಕೇಕ್ ಬಣ್ಣ ಉಜ್ಜಿದ ನೆನಪಿನಿಂದ ಇದು ಸುಲಭದ ಕೆಲಸ ಎಂದು ಅನಿಸುತ್ತದೆ. ಹಾಗಲ್ಲ ಮಾರಾಯ್ರೆ. ತೈಲವರ್ಣದಲ್ಲಿ ತಪ್ಪಿದರೆ ಕೆರೆದು ಮೇಲಿಂದ ಬಳಿಯಬಹುದು. ಜಲವರ್ಣ ಪಾರದರ್ಶಕ, ಕೆಳಗಿನದ್ದು ಮೇಲಕ್ಕೆ ಕಾಣುತ್ತಲೇ ಇರುತ್ತದೆ. ಬಿಳಿ ಬೇಕಾದಲ್ಲಿ ಬಿಳಿ ಬಣ್ಣ ಹಚ್ಚುವುದಿಲ್ಲ, ಕಾಗದವನ್ನೇ ಖಾಲಿ ಬಿಡಬೇಕು. ಅಂದರೆ ಎಲ್ಲಿ ಬೆಳಕು ಬೀಳುತ್ತದೆ ಎನ್ನುವುದು ಮೊದಲ ಗೆರೆಗಿಂತ ಮೊದಲೇ ತಲೆಯಲ್ಲಿ ತೀರ್ಮಾನ ಆಗಿರಬೇಕು.

ಗುಲ್‌ಮೊಹರಿನಲ್ಲಿ ಇದು ಇನ್ನೂ ಕಷ್ಟ. ಕೆಂಪು ಹೂವು, ಅದರ ನಡುನಡುವೆ ಸಣ್ಣ ಹಸಿರು ಎಲೆ. ಒದ್ದೆ ಕೆಂಪು ಮತ್ತು ಒದ್ದೆ ಹಸಿರು ತಾಗಿದರೆ ಒಂದನ್ನೊಂದು ಕೊಂದು ಕೆಸರಿನ ಬಣ್ಣ ಆಗುತ್ತದೆ. ಕೆಂಪು ಒಣಗುವ ತನಕ ಕಾಯಬೇಕು. ಕಾದರೆ ಬಿಸಿಲು ಸರಿದು ನೆರಳಿನ ದಿಕ್ಕು ಬದಲಾಗುತ್ತದೆ. ಜಕರಂದಾದ್ದು ಬೇರೆ ತಲೆನೋವು. ನೇರಳೆ ಹೂವು, ಹಿಂದೆ ನೀಲಿ ಆಕಾಶ, ಎರಡೂ ಹತ್ತಿರದ ಬಣ್ಣ. ಒಂದನ್ನು ಸ್ವಲ್ಪ ತಣ್ಣಗೆ, ಇನ್ನೊಂದನ್ನು ಸ್ವಲ್ಪ ಬೆಚ್ಚಗೆ ಮಾಡದಿದ್ದರೆ ಮರ ಆಕಾಶದಲ್ಲೇ ಕರಗಿಹೋಗುತ್ತದೆ. ಇದರ ಮೇಲೆ ಬಯಲುಸೀಮೆಯ ಮಾರ್ಚಿ ಗಾಳಿ. ನಮ್ಮ ಕರಾವಳಿಯ ಜೂನಿನಲ್ಲಿ ಒಗೆದ ಬಟ್ಟೆ ಮೂರು ದಿನ ಒಣಗದೆ ವಾಸನೆ ಹಿಡಿಯುತ್ತದಲ್ಲ, ಅದರ ಪೂರ್ತಿ ಉಲ್ಟಾ. ಆಕಾಶಕ್ಕೆಂದು ಬಣ್ಣದ ನೀರು ಎಳೆಯಲು ಶುರು ಮಾಡಿದರೆ ಕಾಗದದ ಆ ತುದಿ ಮುಟ್ಟುವ ಮೊದಲೇ ಈ ತುದಿ ಒಣಗಿ ಗೆರೆ ಕಟ್ಟುತ್ತದೆ. ಕಾಗದ ದೊಡ್ಡದಾದಷ್ಟೂ ಸಮಸ್ಯೆ ದೊಡ್ಡದು. ಅಂಗೈ ಅಗಲದ ಜಲವರ್ಣ ಬರೆಯುವವರು ಊರಿಗೆ ಹತ್ತು ಜನ ಸಿಗುತ್ತಾರೆ. ಆ ಬಿಸಿಲಲ್ಲಿ, ಆ ಗಾಳಿಯಲ್ಲಿ ದೊಡ್ಡ ಹಾಳೆ ಹಿಡಿದು ಗೆಲ್ಲುವವರು ಕಡಿಮೆ. ಅವರ ಚಿತ್ರಗಳಲ್ಲಿ ಹೂವಿನ ಕೆಂಪು ಹಸಿರಿನ ಪಕ್ಕದಲ್ಲೇ ಇದ್ದೂ ಕದಡದೆ ಉರಿಯುವುದು ನೋಡಿದರೆ, ಜೈಲು, ಸಭೆ, ಪತ್ರಿಕೆ ಎಂದು ಕಳೆದ ವರ್ಷಗಳಲ್ಲೂ ಆ ಕಣ್ಣು ನೋಡುವುದನ್ನು ನಿಲ್ಲಿಸಿರಲಿಲ್ಲ ಎಂದು ನನಗನಿಸುತ್ತದೆ.

ರುಮಾಲೆಯವರನ್ನು ವ್ಯಾನ್ ಗೋಗ್ ಜೊತೆ ಹೋಲಿಸುವುದು ವಾಡಿಕೆ. ದಪ್ಪ ಬಣ್ಣ, ಸುತ್ತಿಕೊಳ್ಳುವ ಗೆರೆ, ಗಾಳಿ ಹೊಕ್ಕ ಮರ, ಹೋಲಿಕೆ ಇಲ್ಲವೆನ್ನುವ ಹಾಗಿಲ್ಲ. ಆದರೆ ನನಗೆ ಆ ಹೋಲಿಕೆ ಅರ್ಧಕ್ಕೆ ನಿಲ್ಲುತ್ತದೆ. ವ್ಯಾನ್ ಗೋಗ್ ಇಪ್ಪತ್ತೇಳಕ್ಕೆ ಶುರು ಮಾಡಿ ಮೂವತ್ತೇಳಕ್ಕೆ ಮುಗಿಸಿದವನು. ಒಳಗಿನ ಬಿರುಗಾಳಿಯನ್ನು ಹೊಲಕ್ಕೂ ಆಕಾಶಕ್ಕೂ ಹರಡಿದವನು. ರುಮಾಲೆಯವರ ಮರಗಳಲ್ಲಿ ಆ ಸಂಕಟ ಇಲ್ಲ. ಅಲ್ಲಿರುವುದು ಊರ ಜನಕ್ಕೆಲ್ಲ ಸೇರಿದ ಒಂದು ಸಂತೋಷ. ರಸ್ತೆ ಬದಿಯ ಮರಕ್ಕೆ ಟಿಕೆಟ್ಟಿಲ್ಲ, ಬೇಲಿಯಿಲ್ಲ. ಅದರ ಕೆಳಗೆ ಕಡ್ಲೆಕಾಯಿ ಮಾರುವವರು ಕೂರಬಹುದು, ಮಂತ್ರಿಗಳ ಕಾರೂ ಹೋಗಬಹುದು. ಮೂವತ್ತು ವರ್ಷ ಸಾರ್ವಜನಿಕ ಕೆಲಸ ಮಾಡಿದವರು ಅದನ್ನು ಬಿಟ್ಟು ಹೂವಿನ ಚಿತ್ರಕ್ಕೆ ಹೋದರು ಎಂದು ಆಗ ಕೆಲವರು ಮರುಗಿರಬಹುದು. ನನಗೆ ಕಾಣುವುದು ಬೇರೆ: ಅವರು ಆರಿಸಿಕೊಂಡದ್ದು ಯಾರದೋ ಬಂಗಲೆಯ ಹೂದೋಟವನ್ನಲ್ಲ, ಹೂದಾನಿಯ ಗುಲಾಬಿಯನ್ನೂ ಅಲ್ಲ, ಬೀದಿಯನ್ನು. ಸಾರ್ವಜನಿಕ ಜೀವನ ಬಿಟ್ಟವರ ಆಯ್ಕೆ ಹೀಗಿರುವುದಿಲ್ಲ.

ಇದರಲ್ಲಿ ಒಂದು ತಮಾಷೆಯೂ ಉಂಟು. ವಿದೇಶಿ ಬಟ್ಟೆ ಬೇಡವೆಂದು ಜೈಲಿಗೆ ಹೋದ ತಲೆಮಾರಿನ ಖಾದಿಧಾರಿ ಪ್ರೀತಿಯಿಂದ ಬರೆದ ಮರಗಳಲ್ಲಿ ಹೆಚ್ಚಿನವು ವಿದೇಶಿ. ಗುಲ್‌ಮೊಹರ್ ಮಡಗಾಸ್ಕರಿನದ್ದು. ಜಕರಂದಾ, ಟಬೂಬಿಯಾ ದಕ್ಷಿಣ ಅಮೆರಿಕದವು. ನೀರುಕಾಯಿ ಮರ ಆಫ್ರಿಕಾದ್ದು. ನೆಡಿಸಿದವರೊಬ್ಬರು ಜರ್ಮನ್. ಬಂದು ಬೇರುಬಿಟ್ಟು ನೆರಳು ಕೊಟ್ಟದ್ದನ್ನು ನಮ್ಮದೆನ್ನಲು ಅವರಿಗೇನೂ ಅಡ್ಡಿ ಕಾಣಲಿಲ್ಲ. ಕೆಂಪು ತುರಾಯಿ ಎಂದು ಕನ್ನಡದಲ್ಲೇ ಹೆಸರಿಟ್ಟು ಜನ ಆ ಮರವನ್ನು ಮೊದಲೇ ಮನೆ ಸೇರಿಸಿಕೊಂಡಿದ್ದರು.

ಬರೀ ಹೂಮರ ಮಾತ್ರ ಬರೆದರು ಎಂದಲ್ಲ. ಕೆರೆ, ಬಂಡೆ, ಬೆಟ್ಟ, ಹಳೆಯ ದೇವಸ್ಥಾನ, ಬಿಸಿಲಿಗೆ ಕಾದ ಬಯಲು, ಇವೂ ಅವರ ನಿಸರ್ಗಚಿತ್ರಗಳಲ್ಲಿ ಬರುತ್ತವೆ. ಬಯಲುಸೀಮೆಯ ಬೆಳಕಿಗೆ ಒಂದು ಗುಣ ಇದೆ, ನಮ್ಮ ಕಡೆಯಿಂದ ಚಾರ್ಮಾಡಿಯೋ ಶಿರಾಡಿಯೋ ಹತ್ತಿ ಇಳಿದವರಿಗೆ ತಕ್ಷಣ ಗೊತ್ತಾಗುತ್ತದೆ. ಇಲ್ಲಿ ಗಾಳಿಯಲ್ಲೇ ನೀರಿರುವುದರಿಂದ ದೂರದ ಗುಡ್ಡ ಮಾಸಲು ನೀಲಿಯಾಗುತ್ತದೆ. ಅಲ್ಲಿ ಮೈಲಿ ದೂರದ ಬಂಡೆಯ ಬಿರುಕೂ ಚೂರಿಯಲ್ಲಿ ಗೀರಿದ ಹಾಗೆ ಕಾಣುತ್ತದೆ. ಆ ಒಣ ಬೆಳಕನ್ನು ಅವರು ಹಿಡಿದ ರೀತಿ ನೋಡಿದರೆ ಹುಟ್ಟಿ ಬೆಳೆದ ಊರಿನ ಬೇಸಿಗೆ ಕಣ್ಣಲ್ಲಿ ಉಳಿದಿತ್ತು ಅನಿಸುತ್ತದೆ. ಆದರೂ ಹೆಸರು ನಿಂತದ್ದು ಹೂವಿನಿಂದಲೇ.

ರುಮಾಲೆಯವರು 1988ರಲ್ಲಿ ತೀರಿಕೊಂಡರು. ಎಪ್ಪತ್ತೆಂಟು ವರ್ಷ. ಅಷ್ಟು ಹೊತ್ತಿಗೆ ಬೆಂಗಳೂರು ಪಿಂಚಣಿದಾರರ ಊರೆಂಬ ಹೆಸರು ಕಳಚಿಕೊಂಡು ಬೇರೆ ಏನೋ ಆಗಲು ಹೊರಟಿತ್ತು. ನಮ್ಮ ಕಾಲೇಜಿನ ಅರ್ಧಕ್ಕರ್ಧ ಜನ ಈಗ ರೆಸ್ಯೂಮೆ ಕಳಿಸುವ ಕಂಪೆನಿಗಳು ಬೇರೂರಿದ್ದು ಆ ಆಮೇಲಿನ ವರ್ಷಗಳಲ್ಲಿ. ರಸ್ತೆ ಅಗಲ ಆಯಿತು, ಫ್ಲೈಓವರ್ ಬಂತು, ಮೆಟ್ರೋಗಾಗಿ ಎಂ.ಜಿ. ರಸ್ತೆಯ ಬದಿಯ ನೆರಳಿನ ನಡೆದಾರಿ ಹೋಯಿತು. ಈ ಮಾತನ್ನು ಮೆಟ್ರೋ ಬೇಡ ಎಂಬ ಅರ್ಥದಲ್ಲಿ ಹೇಳುತ್ತಿಲ್ಲ, ಅದೇ ಮೆಟ್ರೋದಲ್ಲಿ ಹೋಗಿ ಬರುವವರು ನಾವೇ. ನಮ್ಮ ಸಿವಿಲ್ ಬ್ರಾಂಚಿನವರಿಗೆ ಮಾತ್ರ ಒಂದು ವಿಷಯ. ರಸ್ತೆಯ ಡ್ರಾಯಿಂಗಿನಲ್ಲಿ ಮರ ಎಂದರೆ ಒಂದು ಸಣ್ಣ ವೃತ್ತ, ಪಕ್ಕದಲ್ಲಿ ಒಂದು ನಂಬರು. ಅದೇ ಮರ ರುಮಾಲೆಯವರ ಹಾಳೆಯಲ್ಲಿ ಮುಕ್ಕಾಲು ಭಾಗ ತುಂಬಿಕೊಂಡು, ರಸ್ತೆ ಕೆಳಗೆ ಒಂದು ಎಳೆಯಾಗಿ ಉಳಿದಿರುತ್ತದೆ. ಅಳತೆ ಬರೆಯುವವರ ಮೇಲೆ ಹೋಗುತ್ತದೆ. ಅವರ ಕಾಲದ ಮರಗಳಲ್ಲಿ ಎಷ್ಟೋ ಈಗ ಹಾಳೆಯ ಮೇಲೆ ಮಾತ್ರ ಇವೆ. ಚಂದಕ್ಕೆಂದು ಬರೆದದ್ದು ಈಗ ದಾಖಲೆಯಾಗಿಬಿಟ್ಟಿದೆ.

2010ಕ್ಕೆ ಅವರು ಹುಟ್ಟಿ ನೂರು ವರ್ಷ ಆಯಿತು. ಬೆಂಗಳೂರಿನಲ್ಲಿ ರುಮಾಲೆ ಆರ್ಟ್ ಹೌಸ್ ಎಂಬ ಹೆಸರಿನಲ್ಲಿ ಅವರ ಚಿತ್ರಗಳನ್ನು ಜೋಪಾನ ಮಾಡುವ ಕೆಲಸ ನಡೆದಿದೆ. ಜೋಪಾನ ಎಂದರೆ ಕೊಂಚ ಯೋಚಿಸುವ ವಿಷಯವೇ. ಜಲವರ್ಣಕ್ಕೆ ಬೆಳಕೇ ಶತ್ರು. ಕೆಲವು ಕೆಂಪು ಬಣ್ಣಗಳಂತೂ ಕಿಟಕಿಯ ಬಿಸಿಲು ಬಿದ್ದರೆ ಕೆಲವೇ ವರ್ಷಗಳಲ್ಲಿ ಸೊರಗಿಬಿಡುತ್ತವೆ. ಕಾಗದದ ಮೇಲಿನ ಚಿತ್ರಗಳಿಗೆ ಮ್ಯೂಸಿಯಂಗಳು ಸಾಮಾನ್ಯವಾಗಿ ಇಟ್ಟುಕೊಂಡ ಮಿತಿ ಸುಮಾರು 50 ಲಕ್ಸ್, ಅದೂ ವರ್ಷವಿಡೀ ತೂಗುಹಾಕುವ ಹಾಗಿಲ್ಲ. ಬೇಸಿಗೆ ಮಧ್ಯಾಹ್ನದ ಬಯಲಿನಲ್ಲಿ ಬೀಳುವ ಬೆಳಕು ಸುಮಾರು 1 ಲಕ್ಷ ಲಕ್ಸ್. ಆ ಲಕ್ಷದಲ್ಲಿ ಕೂತು ಬರೆದದ್ದನ್ನು ಈ ಐವತ್ತರಲ್ಲಿ ನೋಡಬೇಕು. ಕೋಣೆಗೆ ಹೋದ ತಕ್ಷಣ ಎಲ್ಲ ಮಬ್ಬು ಕಾಣುತ್ತದೆ. ಎರಡು ಮೂರು ನಿಮಿಷ ಸುಮ್ಮನೆ ನಿಂತು ಕಣ್ಣು ಹೊಂದಿಕೊಂಡ ಮೇಲೆ, ಕಾಗದ ಬಿಟ್ಟ ಜಾಗದಿಂದ ಬಿಸಿಲು ನಿಧಾನಕ್ಕೆ ಹೊರಗೆ ಬರುತ್ತದೆ.

ಇಂಟರ್ನ್‌ಶಿಪ್‌ಗೆ ಹೋಗುವವರು ಜನವರಿಯಿಂದ ಮೇವರೆಗಿನ ಬ್ಯಾಚಿನಲ್ಲಿದ್ದರೆ ಐದೂ ಬಣ್ಣ ಸಿಗುತ್ತವೆ, ಕಬ್ಬನ್ ಪಾರ್ಕಿನಲ್ಲಿ ಒಂದು ಭಾನುವಾರ ಬೆಳಿಗ್ಗೆ ಹತ್ತು ಗಂಟೆಯ ಒಳಗೆ ಹೋಗಬೇಕು. ಜೂನಿಗೆ ಸೇರುವವರಿಗೆ ಗುಲ್‌ಮೊಹರಿನ ಕೊನೆಯ ಹೂವು ಮತ್ತು ಕತ್ತಿಯ ಹಾಗೆ ನೇತಾಡುವ ಹಸಿರು ಕಾಯಿ.